ಸವತಿ ಬರೆದಿಟ್ಟ ಟಿಪ್ಪಣಿ

ಬೆಳಗಿನ ಐದೂವರೆ. ಊಟದ ಮೇಜಿನ ಒಂದು ತುದಿಯಲ್ಲಿ ಮಗುಚಿಟ್ಟ ತಟ್ಟೆಗಳು, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ಅದರ ಕೀಲು ಮುರಿದು ವರ್ಷವಾಗಿದೆ. ಪರದೆ ಹಿಂದಕ್ಕೆ ಬೀಳದಂತೆ ದಪ್ಪನೆಯ ನಿಘಂಟೊಂದನ್ನು ಒತ್ತಾಗಿ ನಿಲ್ಲಿಸಿದ್ದಾರೆ. ಮುಖ ತೊಳೆದಿಲ್ಲ, ಕೂದಲು ಕಟ್ಟಿಲ್ಲ, ಒಲೆಯ ಮೇಲಿನ ಟೀ ನೀರು ಇನ್ನೂ ಕುದಿ ಬಂದಿಲ್ಲ. ಅಷ್ಟರೊಳಗೆ ಈಕೆ ಒಂದರ ಹಿಂದೊಂದರಂತೆ ನಾಲ್ಕು ವೆಬ್‌ಸೈಟ್ ತೆರೆದು ನೋಡುತ್ತಾರೆ. ಪೀಠೋಪಕರಣದ ಅಂಗಡಿಯದು, ಈಜುಕೊಳದ್ದು, ಪಶುವೈದ್ಯರ ಕ್ಲಿನಿಕ್‌ನದು, ಗಡಿಯಾರ ರಿಪೇರಿಯವರದು. ನಾಲ್ಕೂ ಒಂದು ಕಾಲಕ್ಕೆ ಈಕೆಯೇ ಮಾಡಿದವು. ನಾಲ್ಕೂ ಈಗ ಬೇರೊಬ್ಬರ ಕೈಯಲ್ಲಿವೆ.

"ಏನಾದ್ರೂ ಕೆಟ್ಟಿದೆಯಾ ಅಂತ ನೋಡ್ತೀನಿ. ಒಂದು ಫೋಟೊ ಬರದೇ ಇರಬಹುದು, ಒಂದು ಲಿಂಕ್ ಸತ್ತಿರಬಹುದು. ಅಂಥದ್ದು ಸಿಕ್ಕಿದ ದಿನ ನನಗೆ ಟೀಗೆ ಸಕ್ಕರೆಯೇ ಬೇಡ," ಎನ್ನುತ್ತಾರೆ, ಒಂದಿಷ್ಟೂ ನಾಚಿಕೆಯಿಲ್ಲದೆ.

ಇವತ್ತು ಏನೂ ಸಿಗುವುದಿಲ್ಲ. ನಾಲ್ಕೂ ಗಟ್ಟಿಮುಟ್ಟಾಗಿವೆ. ಟೀಗೆ ಎರಡು ಚಮಚ ಸಕ್ಕರೆ ಬೀಳುತ್ತದೆ. ಎರಡು ತಿಂಗಳ ಹಿಂದಿನವರೆಗೂ ಈ ಪಟ್ಟಿಯಲ್ಲಿ ಐದು ಹೆಸರಿದ್ದವಂತೆ. ಐದನೆಯದು ಎಲ್ಲಿ ಹೋಯಿತು ಎಂದರೆ, "ಹೇಳ್ತೀನಿ ಇರಿ, ಅದನ್ನ ಹೇಳೋಕ್ಕೇ ಅಲ್ವಾ ನಿಮ್ಮನ್ನ ಇಷ್ಟು ಬೇಗ ಬರೋಕೆ ಹೇಳಿದ್ದು," ಎಂದು, ಪೇಪರ್‌ಗೆ ಬರೆಯಲು ಬಂದವರ ಮುಂದೆ ಲೋಟ ಸರಿಸುತ್ತಾರೆ.

ವಯಸ್ಸು ನಲವತ್ತನಾಲ್ಕು. ಫ್ರೀಲಾನ್ಸ್ ವೆಬ್ ಡಿಸೈನರ್ ಆಗಿ ಹದಿಮೂರು ವರ್ಷ. ಕಂಪನಿಯಿಲ್ಲ, ಬೋರ್ಡಿಲ್ಲ, ಜೊತೆಗಾರರಿಲ್ಲ. ಅಂಗಡಿ, ಆಸ್ಪತ್ರೆ, ಶಾಲೆ, ಗ್ಯಾರೇಜು ಯಾರೇ ಕೇಳಲಿ, ಅವರ ವೆಬ್‌ಸೈಟನ್ನು ಮೊದಲ ಗೆರೆಯಿಂದ ಕೊನೆಯ ಚುಕ್ಕೆಯವರೆಗೆ ಈ ಮೇಜಿನ ಮೇಲೇ ಕಟ್ಟಿಕೊಡುತ್ತಾರೆ. ಬೀದಿಯವರಿಗೆ ಈಕೆ 'ವೆಬ್‌ಸೈಟಕ್ಕ'. ಹೆಸರೇನೋ ಬಿದ್ದಿದೆ, ಕೆಲಸ ಏನೆಂದು ಬೀದಿಗೆ ಇನ್ನೂ ತಿಳಿದಿಲ್ಲ. ಚಾರ್ಜ್ ಆಗದ ಫೋನು, ಕಾಗದ ಸಿಕ್ಕಿಕೊಂಡ ಪ್ರಿಂಟರು, ಒಂದು ಸಲ ಉಗಿ ಬಿಡದ ಇಸ್ತ್ರಿಪೆಟ್ಟಿಗೆ, ಎಲ್ಲವೂ ಈ ಬಾಗಿಲಿಗೇ ಬಂದಿವೆ. ಇಸ್ತ್ರಿಪೆಟ್ಟಿಗೆಯನ್ನು ರಿಪೇರಿ ಮಾಡಿಕೊಟ್ಟದ್ದು ಲಿಫ್ಟ್ ಮೆಕ್ಯಾನಿಕ್ ಆಗಿರುವ ಗಂಡ. ಶಹಬ್ಬಾಸ್ ಸಿಕ್ಕಿದ್ದು ಈಕೆಗೆ. "ಅದೊಂದೇ ಸಲ ನೋಡಿ ನನ್ನ ಕೆಲಸ ಜನರ ಕಣ್ಣಿಗೆ ಕಂಡಿದ್ದು. ಅದೂ ನನ್ನ ಕೆಲಸ ಅಲ್ಲ," ಎಂದು ನಗುತ್ತಾರೆ.

ದಿನದ ಲೆಕ್ಕ ಕೇಳಿದರೆ ಬೆರಳು ಮಡಚುತ್ತಾರೆ. ಬೆಳಗಿನ ಆರರಿಂದ ಎಂಟೂವರೆವರೆಗೆ ಒಂದು ಪಾಳಿ, ಮೇಜು ತಿಂಡಿಗೆ ಬಿಟ್ಟುಕೊಟ್ಟು ಮತ್ತೆ ಹತ್ತರಿಂದ ಐದರವರೆಗೆ. ಗಿರಾಕಿಗಳ ಫೋನು ದಿನಕ್ಕೆ ಹದಿನೈದಕ್ಕೆ ಕಡಿಮೆಯಿಲ್ಲ, ಅದರಲ್ಲಿ ಆರು "ಲೋಗೊ ಇನ್ನೂ ಸ್ವಲ್ಪ ದೊಡ್ಡದು ಮಾಡಿ" ಎನ್ನುವವು. ಈವರೆಗೆ ಕಟ್ಟಿದ ವೆಬ್‌ಸೈಟು ಎಪ್ಪತ್ತೊಂದು. ಅವುಗಳಲ್ಲಿ ಇವತ್ತಿಗೂ ಈಕೆ ಕಟ್ಟಿದಂತೆಯೇ ಉಳಿದಿರುವುದು ಇಪ್ಪತ್ತಮೂರು. ಉಳಿದವನ್ನು ಯಾರೋ ಕೆಡವಿ ಬೇರೆ ಕಟ್ಟಿದ್ದಾರೆ, ಇಲ್ಲವೇ ಅಂಗಡಿಯೇ ಮುಚ್ಚಿದೆ. "ನಮ್ಮೋರು ಹಾಕಿದ ಲಿಫ್ಟು ಹದಿನೆಂಟು ವರ್ಷದಿಂದ ಮೇಲೆ ಕೆಳಗೆ ಓಡಾಡ್ತಿದೆ. ನಾನು ಹದಿನೆಂಟು ತಿಂಗಳು ಬಾಳಿದ್ದನ್ನ ಹಿಡಿದುಕೊಂಡು ಸಂಭ್ರಮ ಪಡಬೇಕು. ಹೊಟ್ಟೆ ಉರಿಯಲ್ವಾ ಹೇಳಿ?"

ಉರಿಯುತ್ತದೆ. ಹೊಟ್ಟೆಕಿಚ್ಚನ್ನು ಈಕೆ ಮುಚ್ಚಿಡುವವರಲ್ಲ. ಪಕ್ಕದ ಮನೆಯಾಕೆ ಹೊಲಿದ ಪರದೆ ಕಿಟಕಿಯಲ್ಲಿ ಗಾಳಿಗೆ ಹಾರಿದರೂ ಸಾಕು, ನೋಡಿದವರೆಲ್ಲ ಹೊಗಳುತ್ತಾರೆ ಎಂದು ಉರಿದುಕೊಳ್ಳುತ್ತಾರೆ. ಗಿರಾಕಿಗಳು ಈಕೆಯ ಕೆಲಸದಲ್ಲಿ ಮೆಚ್ಚಿಕೊಳ್ಳುವುದು ಒಂದೇ ಒಂದನ್ನು. ಈಕೆ ಕಟ್ಟಿದ ವೆಬ್‌ಸೈಟಿನಲ್ಲಿ ಅರ್ಜಿ ತುಂಬುತ್ತಿರುವಾಗ ನೆಟ್ ಹೋದರೂ ತುಂಬಿದ್ದು ಅಳಿಸಿಹೋಗುವುದಿಲ್ಲ; ನೆಟ್ ಮರಳಿದಾಗ ಬಿಟ್ಟಲ್ಲಿಂದಲೇ ಸಿಗುತ್ತದೆ. ಡ್ರೈವಿಂಗ್ ಶಾಲೆಯ ಮಾಲೀಕರಂತೂ ಕಂಡಕಂಡವರಿಗೆಲ್ಲ ಹೇಳುತ್ತಾರಂತೆ, "ಆ ಹೆಣ್ಣುಮಗಳ ತಲೆಗೆ ಎರಡು ಕೈ ಮುಗೀಬೇಕು" ಎಂದು. ಅದು ಹೇಗೆ ಹೊಳೆಯಿತು ಎಂದು ಕೇಳಿದರೆ ಮಾತ್ರ ಈಕೆ ಲೋಟದ ಕಡೆ ಕೈ ತೋರಿಸುತ್ತಾರೆ. "ಟೀ ಆರ್ತಿದೆ, ಕುಡೀರಿ."

ಮೊದಲು ಒಂಬತ್ತು ವರ್ಷ ಮುದ್ರಣಾಲಯವೊಂದರಲ್ಲಿ ಬಿಲ್ ಪುಸ್ತಕ, ಕರಪತ್ರ, ಲೆಟರ್‌ಹೆಡ್‌ಗಳ ವಿನ್ಯಾಸ ಮಾಡಿಕೊಂಡಿದ್ದವರು ಈಕೆ. ಮುದ್ರಣಾಲಯ ಮುಚ್ಚಿತು. ಮಾಲೀಕರು ಕೊನೆಯ ದಿನ ಒಂದು ರೀಮ್ ಕಾಗದ ಕೊಟ್ಟು ಕಳಿಸಿದರು. ಆ ಕಾಗದದ ಹಿಂದೆ ಮುಂದೆಲ್ಲ ಕೋಡ್ ಬರೆದು ಕಲಿತದ್ದು, ಗ್ರಂಥಾಲಯದ ಒಂದೇ ಒಂದು ಕಂಪ್ಯೂಟರಿನ ಮುಂದೆ ಸರದಿಯಲ್ಲಿ ನಿಂತು, ತಲೆಗೆ ನಲವತ್ತು ನಿಮಿಷದಂತೆ. ಮೊದಲು ಸಿಕ್ಕ ದೊಡ್ಡ ಕೆಲಸ ಒಂದು ಕಣ್ಣಾಸ್ಪತ್ರೆಯದು. ಅದಕ್ಕೆ ಐದು ತಿಂಗಳು ತೆಗೆದುಕೊಂಡರು. "ಚೊಚ್ಚಲು ಅದು," ಎನ್ನುವಾಗ ಈಕೆಯ ದನಿ ಸಣ್ಣದಾಗುತ್ತದೆ.

ಇಲ್ಲಿ ಅಮ್ಮನ ವಿಷಯ ಹೇಳಬೇಕು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿರುವ ಈ ಎಪ್ಪತ್ತಮೂರರ ಹಿರಿಯರು ಒಂದು ಕಾಲದಲ್ಲಿ ಟೆಲಿಫೋನ್ ಆಪರೇಟರ್. ನೂರಾರು ತೂತುಗಳ ಹಲಗೆಯ ಮುಂದೆ ಕೂತು, ಇವರ ಮಾತನ್ನು ಅವರಿಗೆ ಜೋಡಿಸುತ್ತಿದ್ದವರು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ತಪ್ಪು ತೂತಿಗೆ ತಂತಿ ಸಿಕ್ಕಿಸಿದವರಲ್ಲ. ಆ ಬಲಗೈ ಈಗ ಹದಿನಾಲ್ಕು ವರ್ಷದಿಂದ ನಡುಗುತ್ತಿದೆ. ಲೋಟ ಹಿಡಿದರೆ ಟೀ ತುಳುಕುತ್ತದೆ. ಆದರೆ ಮನೆಯಲ್ಲಿ ಆ ಕೈಗೆ ಒಂದು ಉದ್ಯೋಗವಿದೆ. ಮಗಳು ಕಟ್ಟಿದ ಪ್ರತಿಯೊಂದು ವೆಬ್‌ಸೈಟೂ ಗಿರಾಕಿಯ ಕೈ ಸೇರುವ ಮೊದಲು ಅಮ್ಮನ ಹೆಬ್ಬೆರಳಿನ ಪರೀಕ್ಷೆಯಲ್ಲಿ ಪಾಸಾಗಬೇಕು. ಹಳೆಯ ಫೋನೊಂದನ್ನು ಎಡಗೈಯಲ್ಲಿ ಹಿಡಿದು ಬಲ ಹೆಬ್ಬೆರಳಿನಿಂದ ಅಮ್ಮ ಎಲ್ಲ ಬಟನ್‌ಗಳನ್ನೂ ಹತ್ತು ಹತ್ತು ಸಲ ಒತ್ತುತ್ತಾರೆ. ಹತ್ತರಲ್ಲಿ ಒಂದು ತಪ್ಪಿದರೂ ಮಗಳು ಮತ್ತೆ ಮೇಜಿಗೆ.

ಕಣ್ಣಾಸ್ಪತ್ರೆಯ ವೆಬ್‌ಸೈಟು ಆ ಪರೀಕ್ಷೆಯಲ್ಲಿ ಮಕಾಡೆ ಮಲಗಿತ್ತು. ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡುವ ಪುಟದಲ್ಲಿ 'ಖಚಿತಪಡಿಸಿ', 'ರದ್ದು ಮಾಡಿ' ಎಂಬ ಎರಡು ಬಟನ್‌ಗಳು ಅಕ್ಕಪಕ್ಕ ಇದ್ದವು, ಎಲ್ಲ ಕಡೆ ಇರುವಂತೆ. ಅಮ್ಮನ ಹೆಬ್ಬೆರಳು ಹತ್ತರಲ್ಲಿ ನಾಲ್ಕು ಸಲ ರದ್ದಿನ ಮೇಲೆ ಬಿತ್ತು.

"ಆಗದವರಿಬ್ಬರನ್ನ ಯಾಕೆ ಒಂದೇ ಚಾಪೆ ಮೇಲೆ ಕೂರಿಸಿದ್ದೀಯೇ? ಒಂದನ್ನ ಆಚೆ ಕಳಿಸು," ಎಂದರಂತೆ ಅಮ್ಮ.

ಮಗಳು ಕಳಿಸಿದರು. 'ಖಚಿತಪಡಿಸಿ' ಪರದೆಯ ಈ ಅಂಚಿನಿಂದ ಆ ಅಂಚಿಗೆ ಅಗಲವಾಯಿತು. 'ರದ್ದು ಮಾಡಿ' ಪುಟದ ತೀರಾ ಕೆಳಕ್ಕೆ, ಫೋನ್ ನಂಬರು, ದಾರಿಯ ನಕ್ಷೆ ಎಲ್ಲ ಮುಗಿದ ಮೇಲೆ ಹೋಗಿ ಕೂತಿತು. ನೋಡಲು ಚೆನ್ನಾಗಿರಲಿಲ್ಲ ಎಂದು ಈಕೆಯೇ ಒಪ್ಪುತ್ತಾರೆ. ಆಸ್ಪತ್ರೆಯ ಮ್ಯಾನೇಜರ್ ಮುಖ ಸಿಂಡರಿಸಿದರು. ಈಕೆ ಜಗಳವಾಡಿ ಉಳಿಸಿಕೊಂಡರೇ ಹೊರತು ಕಾರಣ ಹೇಳಲಿಲ್ಲ. "ಅಮ್ಮನ ಕೈ ನಡುಗುತ್ತೆ ಅಂತ ಊರಿಗೆಲ್ಲ ಯಾಕೆ ಡಂಗುರ ಹೊಡೀಲಿ? ಆ ಕೈ ಹೇಗಿತ್ತು ಅಂತ ನೋಡಿದವಳು ನಾನು."

ಐದು ವರ್ಷ ಆ ವೆಬ್‌ಸೈಟು ಈಕೆಯ ಕೈಯಲ್ಲಿತ್ತು. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಎರಡು ಸಾಲಿನ ಪತ್ರ ಬಂತು. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದ್ದೇವೆ, ದಯವಿಟ್ಟು ಪಾಸ್‌ವರ್ಡ್ ಕಳಿಸಿ. ಕಳಿಸಿದರು. ಆಮೇಲೆ ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅತ್ತರು. ಮುಂದಿನ ಎರಡು ವರ್ಷದಲ್ಲಿ ಇನ್ನೂ ನಾಲ್ಕು ಗಿರಾಕಿಗಳು ಹೋದರು, ಮತ್ತು ಅಷ್ಟೂ ಜನ ಒಂದೇ ಕೈಗೆ ಹೋದರು.

ಒಂದೇ ಕೈ ಎಂದು ತಿಳಿದದ್ದು ಹೇಗೆ? ಯಾವ ವೆಬ್‌ಸೈಟಿನದೇ ಆಗಲಿ, ಹೊರಮೈಯ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕಸುಬಿನವರಿಗೆ ಅದು ಕೈಬರಹದ ಹಾಗೆ ಗುರುತು ಸಿಗುತ್ತದೆ. "ಅಯ್ಯೋ, ಎಷ್ಟು ಅಚ್ಚುಕಟ್ಟು ಗೊತ್ತಾ! ಎಲ್ಲ ಡಬ್ಬಕ್ಕೂ ಲೇಬಲ್ ಅಂಟಿಸಿದ ಅಡುಗೆಮನೆ. ಒಂದು ಸಾಲು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನನ್ನದು ಹಾಗಲ್ಲ, ನೆಂಟರು ಬಂದು ಹೋದ ಮನೆ. ಬೇಕಾದ್ದು ಸಿಗುತ್ತೆ, ಆದರೆ ಹುಡುಕಬೇಕು." ಈ ವಿವರಣೆ ಕೇಳಿ ಕೇಳಿ ಸಾಕಾಗಿ ಗಂಡ ಆ ಕಾಣದ ಡಿಸೈನರ್‌ಗೆ ಒಂದು ಹೆಸರಿಟ್ಟರು. ಸವತಿ. "ಏನು, ಇವತ್ತು ಸವತಿ ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ಹಲ್ಲುಜ್ಜುತ್ತಲೇ ಕೇಳುವುದು ಅವರ ದಿನದ ಮೊದಲ ಮಾತು.

ಈಕೆ ಸವತಿಯ ರೂಪವನ್ನೂ ಕಲ್ಪಿಸಿಕೊಂಡಿದ್ದರು. ಎತ್ತರದ, ತೆಳ್ಳಗಿನ ಹೆಂಗಸು. ಒಂದು ಕೂದಲೂ ಅತ್ತಿತ್ತ ಆಗದಂತೆ ಬಾಚಿಕೊಂಡಿರುವವಳು. ಅವಳಿಗೊಂದು ಪ್ರತ್ಯೇಕ ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ. "ಬೇರೆ ಎಲ್ಲ ಸಹಿಸಿಕೊಂಡೆ, ಆ ಚಿಲಕ ಮಾತ್ರ ಸಹಿಸೋಕೆ ಆಗ್ಲಿಲ್ಲ. ನಾನಿಲ್ಲಿ ಸಾರಿನ ಪಾತ್ರೆ ಸರಿಸಿ ಕೆಲಸ ಮಾಡೋದು, ಅವಳು ಅಲ್ಲಿ ಚಿಲಕ ಹಾಕ್ಕೊಂಡು!" ಏಳು ವರ್ಷ ಆ ಚಿಲಕದ ಮೇಲೇ ಸಿಟ್ಟು.

ಎರಡು ತಿಂಗಳ ಹಿಂದೆ ಕಣ್ಣಾಸ್ಪತ್ರೆಯಿಂದ ಮತ್ತೆ ಫೋನು. ಹಳೆಯ ಮ್ಯಾನೇಜರ್ ಹೋಗಿ ಹೊಸಬರು ಬಂದಿದ್ದರು. ವೆಬ್‌ಸೈಟನ್ನು ಹೊಸದಾಗಿ ಕಟ್ಟಿಸಬೇಕು. ಮೊದಲು ಮಾಡಿದ ಇಬ್ಬರನ್ನೂ ಕರೆದು ಕೇಳುತ್ತೇವೆ. ಮುಂದಿನ ಗುರುವಾರ ಹತ್ತು ಗಂಟೆಗೆ ಬನ್ನಿ. ಈಗಿರುವ ವೆಬ್‌ಸೈಟಿನ ಒಳಗಿನ ಫೈಲುಗಳನ್ನೂ ಕಳಿಸುತ್ತೇವೆ, ನೋಡಿಕೊಂಡು ಬನ್ನಿ, ಎಂದರು. ಒಳಗಿನ ಫೈಲುಗಳೆಂದರೆ ಹೊರಗಿನವರಿಗೆ ಎಂದೂ ಕಾಣದ ಕೋಡು, ಅದರ ನಡುವೆ ಕೆಲಸ ಮಾಡಿದವರು ಮುಂದೆ ಬರುವವರಿಗಾಗಿ ಬರೆದಿಡುವ ಟಿಪ್ಪಣಿಗಳು. ಸವತಿಯ ಮನೆಯ ಬೀಗದ ಕೈಯೇ ಸಿಕ್ಕ ಹಾಗಾಯಿತು.

ಚೊಚ್ಚಲನ್ನು ಮರಳಿ ಪಡೆಯಲೇಬೇಕು ಎಂದು ಈಕೆ ಹಟ ತೊಟ್ಟರು. ಅಡುಗೆ ಗಂಡನಿಗೆ ವಹಿಸಿ, ಒಂದು ನೋಟ್‌ಬುಕ್ ತೆಗೆದು, ಮೇಲೆ 'ಸವತಿಯ ತಪ್ಪುಗಳು' ಎಂದು ಬರೆದು ಅಡಿಗೆರೆ ಹಾಕಿದರು. ನೋಟ್‌ಬುಕ್ ಈಗಲೂ ಇದೆ. ಎರಡು ತಾಸು ಹುಡುಕಿ ಸಿಕ್ಕಿದ್ದು ಮೂರು ತಪ್ಪು, ಅದರಲ್ಲಿ ಎರಡು ತಪ್ಪೇ ಅಲ್ಲ. ನಾಲ್ಕನೆಯದು ಬರೆಯಲು ಸಂಖ್ಯೆ ಹಾಕಿ ಬಿಟ್ಟಿದ್ದಾರೆ, ಮುಂದೆ ಖಾಲಿ. ಯಾಕೆಂದರೆ ಅಷ್ಟು ಹೊತ್ತಿಗೆ ಸಮಯ ಗೊತ್ತುಮಾಡುವ ಪುಟ ತೆರೆದಿತ್ತು. ಎರಡು ಬಟನ್‌ಗಳ ಮೇಲ್ಗಡೆ ಒಂದು ಟಿಪ್ಪಣಿ ಇತ್ತು. ಈಕೆ ಅದನ್ನು ನೋಡದೆಯೇ ಹೇಳುತ್ತಾರೆ:

"ಈ ಎರಡು ಬಟನ್‌ಗಳನ್ನು ಹತ್ತಿರ ತರಬೇಡಿ. ನೋಡಲು ಚೆನ್ನಾಗಿಲ್ಲವೆಂದು ನಾನು ತಂದಿದ್ದೆ. ಒಂದೇ ವಾರದಲ್ಲಿ ಮೂವತ್ತೆಂಟು ಜನ ವಯಸ್ಸಾದವರು ತಮಗೇ ತಿಳಿಯದೆ ಸಮಯ ರದ್ದು ಮಾಡಿಕೊಂಡರು. ಆಸ್ಪತ್ರೆಗೆ ಬಂದು, ಕಾದು, ಹಿಂದಿರುಗಿದರು. ನನಗಿಂತ ಮೊದಲು ಮಾಡಿದವರಿಗೆ ಇದು ಗೊತ್ತಿತ್ತು. ಹೇಗೆ ಗೊತ್ತಿತ್ತೋ ನನಗೆ ತಿಳಿಯದು. ತಪ್ಪು ನನ್ನದು, ಈ ಅಂತರ ಅವರದು."

ಮೂರು ಸಲ ಓದಿದರಂತೆ. ಆಮೇಲೆ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿದರು. ಒತ್ತಿಗಿದ್ದ ನಿಘಂಟು ದಬ್ಬೆಂದು ನೆಲಕ್ಕೆ ಬಿತ್ತು. ಬೆತ್ತದ ಕುರ್ಚಿಯಿಂದ ಅಮ್ಮ, "ಏನಾಯ್ತೇ?" ಎಂದರು. ಓದಿ ಹೇಳಿದಾಗ ಅಮ್ಮನ ಮುಖ ಅರಳಿತು.

"ಒಳ್ಳೆ ಹೆಣ್ಣುಮಗಳು ಕಣೇ," ಎಂದರು.

"ನಿನಗೂ ಅವಳೇ ಒಳ್ಳೆಯವಳಾದ್ಲಾ?"

"ಇದ್ದದ್ದು ಇದ್ದ ಹಾಗೆ ಬರೆದಿದ್ದಾಳಲ್ಲ. ನೀನು ಯಾರದಾದ್ರೂ ಹೀಗೆ ಬರೆದಿಟ್ಟಿದ್ದೀಯಾ?"

ಈಕೆ ಎದ್ದು ಟೀಗೆ ನೀರಿಟ್ಟರು. ಮನೆಯಲ್ಲಿ ಆಗ ಯಾರಿಗೂ ಟೀ ಬೇಕಿರಲಿಲ್ಲ.

ಬೈದಿದ್ದರೆ ಸುಖವಾಗಿರುತ್ತಿತ್ತು ಎನ್ನುತ್ತಾರೆ. "ಹಿಂದಿನವರು ಮಾಡಿದ್ದು ಬರೀ ರಾಡಿ ಅಂತ ಬರೆದಿದ್ರೆ ನಾನು ಹಾಯಾಗಿ ದ್ವೇಷ ಮಾಡ್ಕೊಂಡು ಇರ್ತಿದ್ದೆ. ಏಳು ವರ್ಷ ಸಾಕಿದ ಹೊಟ್ಟೆಕಿಚ್ಚು ನನ್ನದು. ಒಂದು ಟಿಪ್ಪಣಿ ಬರೆದು ಅದಕ್ಕೆ ಜಾಗ ಇಲ್ಲದ ಹಾಗೆ ಮಾಡಿಬಿಟ್ಟರೆ ಹೇಗೆ?" ಹಾಗೆಂದು ಕಿಚ್ಚು ಆರಲಿಲ್ಲ. ಮೊದಲು ಅವಳ ಕೈಚಳಕದ ಮೇಲಿದ್ದದ್ದು ಈಗ ಅವಳ ದೊಡ್ಡತನದ ಮೇಲೆ ತಿರುಗಿತು, ಅಷ್ಟೆ. ಇಷ್ಟು ಒಳ್ಳೆಯ ನಾಲ್ಕು ಸಾಲು ತನಗೆ ಬರೆಯಲು ಬರುತ್ತಿರಲಿಲ್ಲವಲ್ಲ ಎಂಬುದೇ ಹೊಸ ಸಂಕಟ.

ಗುರುವಾರ. ಕಣ್ಣಾಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಬೆಂಚುಗಳ ಸಾಲು. ಕಣ್ಣಿಗೆ ಹನಿ ಹಾಕಿಸಿಕೊಂಡವರು ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದಾರೆ. ಈಕೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೂದಲು ಬಿಗಿಯಾಗಿ ಬಾಚಿ ("ಅವಳಿಗಿಂತ ಚೆನ್ನಾಗಿ ಕಾಣಬೇಕಿತ್ತು") ಬಾಗಿಲ ಕಡೆಗೇ ಕಣ್ಣಿಟ್ಟಿದ್ದರು. ಎತ್ತರದ, ತೆಳ್ಳಗಿನ ಹೆಂಗಸು ಯಾರೂ ಬರಲಿಲ್ಲ. ಪಕ್ಕದಲ್ಲಿ ಒಬ್ಬ ಗಂಡಸು ಬಂದು ಕೂತರು. ಅರವತ್ತರ ಹತ್ತಿರ, ಬೋಳುತಲೆ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ತೊಡೆಯ ಮೇಲೆ ಬಟ್ಟೆಯ ಚೀಲ. ಸುಮ್ಮನಿರಲಾಗದೆ ಈಕೆ ಕೇಳಿದರು, "ನಿಮಗೆ ಹನಿ ಹಾಕಿ ಆಯ್ತಾ ಸಾರ್?"

"ಇಲ್ಲಮ್ಮ, ನಾನು ಪೇಷೆಂಟ್ ಅಲ್ಲ. ಇಲ್ಲಿಯ ವೆಬ್‌ಸೈಟ್ ನಾನೇ ಮಾಡಿದ್ದು."

ಈಕೆಗೆ ಕಿವಿಯವರೆಗೂ ಬಿಸಿಯೇರಿತು. ಏಳು ವರ್ಷ ಗಂಡಸೊಬ್ಬನ ಮೇಲೆ ಸವತಿ ಮತ್ಸರ ಪಟ್ಟದ್ದು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದು ಈಗ ನಗುತ್ತಾರೆ. ಅವತ್ತು ನಗು ಬರಲಿಲ್ಲ. ಅವರು ತಿರುಗಿ, ಈಕೆಯ ಲ್ಯಾಪ್‌ಟಾಪ್ ಚೀಲ ನೋಡಿ, ಮೆಲ್ಲಗೆ ಕೇಳಿದರು:

"ಹಾಗಾದ್ರೆ ಮೊದಲಿನವರು ನೀವೇನಾ? ಆ ಬಟನ್‌ಗಳ ಜಾಗ... ನಿಮಗೆ ಹೇಗೆ ಗೊತ್ತಾಯ್ತಮ್ಮ? ಏಳು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೀನಿ."

ಅಮ್ಮನ ಕೈಯ ವಿಷಯ ನಾಲಗೆಯ ತುದಿಗೆ ಬಂದಿತ್ತು. ಈಕೆ ನುಂಗಿಕೊಂಡರು. "ಅನುಭವ," ಎಂದರು. ಒಂದೇ ಮಾತು. ಅದನ್ನು ಹೇಳಿದ ರೀತಿ ನೆನಪಾದರೆ ಈಗಲೂ ಮೈ ಚುರ್ ಎನ್ನುತ್ತದಂತೆ.

ಅವರನ್ನು ಮೊದಲು ಒಳಗೆ ಕರೆದರು. ಮ್ಯಾನೇಜರ್ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಕದ್ದು ಕೇಳುವುದು ತಪ್ಪು ಎಂದು ಈಕೆಗೆ ಗೊತ್ತು. ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದು ಕೂತದ್ದೂ ನಿಜ. ಮ್ಯಾನೇಜರ್ ಮೊದಲು ಕೇಳಿದ್ದೇ ಅದನ್ನು. ಬೇರೆ ಎಲ್ಲ ಆಸ್ಪತ್ರೆಗಳ ವೆಬ್‌ಸೈಟಿನಲ್ಲಿ ಎರಡು ಬಟನ್ ಅಕ್ಕಪಕ್ಕ ಇವೆ, ನಮ್ಮಲ್ಲಿ ಮಾತ್ರ ಯಾಕೆ ಒಂದು ಉತ್ತರಕ್ಕೆ ಒಂದು ದಕ್ಷಿಣಕ್ಕೆ?

ಬಾಯಲ್ಲಿ ಉತ್ತರ ಸಿದ್ಧವಿದ್ದ ಮನುಷ್ಯ ಒಳಗಿದ್ದರು. ಮೂವತ್ತೆಂಟು ಜನರ ಕಥೆ ಹೇಳಿದರೆ ಸಾಕಿತ್ತು. ನಾನು ಕಂಡುಕೊಂಡೆ, ನಾನು ಸರಿಪಡಿಸಿದೆ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವರ ಜಾಗದಲ್ಲಿ ತಾನಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ ಎಂದು ಈಕೆಗೆ ಖಂಡಿತ ಗೊತ್ತಿತ್ತು.

"ಅದು ನನ್ನ ತಲೆಯದ್ದಲ್ಲ ಸಾರ್," ಎಂದರು ಒಳಗಿನವರು. "ನಾನು ಅದನ್ನ ಕೆಡಿಸಿ ಪೆಟ್ಟು ತಿಂದವನು. ಕಾರಣ ಬೇಕಂದ್ರೆ ಮೊದಲು ಮಾಡಿದವರನ್ನೇ ಕೇಳಿ. ಹೊರಗೆ ಕೂತಿದ್ದಾರೆ."

ಈಕೆಯ ಸರದಿ ಬಂತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಪರರ ಮುಂದೆ ಅಮ್ಮನ ಕೈಯ ವಿಷಯ ಹೇಳಿದರು. ಟೆಲಿಫೋನ್ ಹಲಗೆ, ಇಪ್ಪತ್ತೇಳು ವರ್ಷ, ತಪ್ಪದ ತಂತಿ, ನಡುಗುವ ಹೆಬ್ಬೆರಳು, ಹತ್ತು ಸಲದ ಪರೀಕ್ಷೆ. ಮ್ಯಾನೇಜರ್ ಪೆನ್ನು ಕೆಳಗಿಟ್ಟು ಕೇಳಿದರು. ಕೆಲಸ ನಿಮ್ಮದೇ, ಎಂದರು.

ಹೊರಬಂದಾಗ ಅವರು ಇನ್ನೂ ಬೆಂಚಿನ ಮೇಲಿದ್ದರು. "ಅಮ್ಮನ ಕೈಯಾ! ಬಾಗಿಲು ತೆರೆದಿತ್ತಲ್ಲಮ್ಮ, ಕೇಳಿಸಿತು. ಈಗ ನೆಮ್ಮದಿಯಾಯ್ತು ನೋಡಿ," ಎಂದು ಎದ್ದರು. ಸೌಜನ್ಯಕ್ಕೆಂದು ಈಕೆ ಕೇಳಿದರು, ನಿಮ್ಮ ಆಫೀಸು ಎಲ್ಲಿ ಸಾರ್? "ಆಫೀಸೆಲ್ಲಿಯದು? ತಂಗಿಯದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಯಂತ್ರದ ನಡುವೆ ಒಂದು ಸ್ಟೂಲ್ ಹಾಕಿಕೊಟ್ಟಿದ್ದಾಳೆ. ಜನ ಬಂದಾಗ ಎದ್ದು ನಿಲ್ಲಬೇಕು, ಇಲ್ಲಾಂದ್ರೆ ಕಾಗದ ತೆಗೆಯೋಕೆ ಆಗಲ್ಲ."

ಅಂದರೆ ಕೋಣೆಯೇ ಇರಲಿಲ್ಲ. ಬಾಗಿಲಿರಲಿಲ್ಲ. ಚಿಲಕವಂತೂ ಇರಲೇ ಇಲ್ಲ. "ಇಲ್ಲದ ಚಿಲಕಕ್ಕೆ ಏಳು ವರ್ಷ ಹೊಟ್ಟೆ ಉರಿಸಿಕೊಂಡೆ. ಆ ಉರಿಯಲ್ಲಿ ಅನ್ನ ಬೇಯಿಸಿದ್ರೆ ಎಷ್ಟು ಗ್ಯಾಸ್ ಉಳೀತಿತ್ತೋ," ಎಂದು ಈಕೆ ಹಣೆ ಚಚ್ಚಿಕೊಳ್ಳುತ್ತಾರೆ.

ಚೊಚ್ಚಲು ಮನೆಗೆ ಬಂತು. ಆದರೆ ಮನೆ ಹೊಕ್ಕಾಗ ಅಮ್ಮ ಮುಖ ನೋಡಿ, "ಸಿಗಲಿಲ್ವೇನೇ?" ಎಂದರು. ಸಿಕ್ಕಿತು ಎಂದರೂ ನಂಬಲಿಲ್ಲ. "ಕೆಲಸ ನನ್ನ ಜೊತೆ ಬಂತು, ಮರ್ಯಾದೆ ಅವರ ಜೊತೆ ಹೋಯ್ತು," ಎನ್ನುತ್ತಾರೆ ಈಕೆ. "ಗೆದ್ದವಳು ನಾನೇ. ಆದ್ರೂ ಅವರ ಹಾಗೆ ಸೋಲೋಕೆ ಬರಲ್ಲವಲ್ಲ ಅಂತ ಹೊಟ್ಟೆಕಿಚ್ಚು. ಇಂಥ ಹೊಟ್ಟೆಕಿಚ್ಚನ್ನ ನೀವು ಎಲ್ಲಾದ್ರೂ ಕೇಳಿದ್ದೀರಾ?"

ಇಷ್ಟು ಹೊತ್ತಿಗೆ ಗಂಟೆ ಎಂಟು ದಾಟಿದೆ. ತಿಂಡಿಗೆ ಮೇಜು ಬಿಟ್ಟುಕೊಡಬೇಕು. ಈಕೆ ಬಿಟ್ಟುಕೊಡುವುದಿಲ್ಲ. ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿ ಒಂದು ಹಳೆಯ ಫೈಲು ತೆರೆಯುತ್ತಾರೆ. ಡ್ರೈವಿಂಗ್ ಶಾಲೆಯದು.

ನಾಲ್ಕು ವರ್ಷದ ಹಿಂದೆ ಈ ಶಾಲೆಯವರು ಯಾರನ್ನೋ ಬಿಟ್ಟು ಈಕೆಯ ಬಳಿ ಬಂದಿದ್ದರು. ಯಾರನ್ನು ಬಿಟ್ಟರೆಂದು ಫೈಲು ತೆರೆದ ಕ್ಷಣವೇ ಈಕೆಗೆ ತಿಳಿದಿತ್ತು. ಲೇಬಲ್ ಅಂಟಿಸಿದ ಡಬ್ಬಗಳು. ಸವತಿಯಿಂದ ಕಿತ್ತುಕೊಂಡ ಒಂದೇ ಗಿರಾಕಿ ಎಂದು ಅವತ್ತು ಮನೆಯಲ್ಲಿ ಹಬ್ಬ. ಅರ್ಜಿಯ ಪುಟದಲ್ಲಿ, ನೆಟ್ ಹೋದರೂ ತುಂಬಿದ್ದು ಉಳಿಯುವಂತೆ ಒಂದು ಏರ್ಪಾಡು ಮಾಡಿತ್ತು ಆ ಕೈ. ಮೇಲೊಂದು ಟಿಪ್ಪಣಿಯೂ ಇತ್ತು: "ತುಂಬಿದ ಅರ್ಜಿ ಅಳಿಸಿಹೋದರೆ ಜನ ಮತ್ತೆ ತುಂಬುವುದಿಲ್ಲ. ನನ್ನ ತಂಗಿ ಒಂದು ಅರ್ಜಿಯನ್ನು ಮೂರು ಸಲ ತುಂಬಿ, ನಾಲ್ಕನೆಯ ಸಲ ಅತ್ತಳು. ಇದನ್ನು ತೆಗೆಯಬೇಡಿ."

ಈಕೆ ಅದನ್ನು ತೆಗೆಯಲಿಲ್ಲ. ಟಿಪ್ಪಣಿ ತೆಗೆದರು. ಮಾಲೀಕರು ಹೊಗಳಿದಾಗ, "ಅದೇ ಅಲ್ವಾ ಸಾರ್ ನಮ್ಮ ಕೆಲಸ," ಎಂದರು. ಆಮೇಲೆ ಅದೇ ಏರ್ಪಾಡನ್ನು ಇನ್ನೂ ಹತ್ತು ವೆಬ್‌ಸೈಟುಗಳಲ್ಲಿ ಹಾಕಿ ಹತ್ತು ಕಡೆಯೂ ಹೊಗಳಿಸಿಕೊಂಡರು. ಊರೆಲ್ಲ ಕೈ ಮುಗಿದ ತಲೆ ಜೆರಾಕ್ಸ್ ಯಂತ್ರಗಳ ನಡುವಿನ ಸ್ಟೂಲಿನ ಮೇಲೆ ಕೂತಿತ್ತು.

"ನನ್ನದು ಎರಡು ಬಟನ್ ನಡುವಿನ ಜಾಗ. ಖಾಲಿ ಜಾಗ ಅದು. ಅದನ್ನೂ ಅವರು ನನ್ನ ಹೆಸರಿಗೆ ಬರೆದಿಟ್ರು. ನಾನು ಅವರ ತಂಗಿಯ ಅಳುವನ್ನೇ ಅಳಿಸಿಬಿಟ್ಟೆ," ಎನ್ನುವಾಗ ಈಕೆ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಬೆತ್ತದ ಕುರ್ಚಿಯಲ್ಲಿರುವ ಅಮ್ಮ ಪರೀಕ್ಷೆಯ ಹಳೆಯ ಫೋನನ್ನು ಒರೆಸುತ್ತಿದ್ದಾರೆ. ಇದು ಅವರಿಗೆ ಈಗ ಗೊತ್ತಿರುವ ವಿಷಯ. ಆಸ್ಪತ್ರೆಗೆ ಹೋಗಿಬಂದ ಗುರುವಾರ ಸಂಜೆಯೇ ಮಗಳು ಹೇಳಿದ್ದಾರೆ.

ಮರುದಿನ ಶುಕ್ರವಾರ ಬೆಳಿಗ್ಗೆ ಈಕೆ ಬೇರೆ ಯಾವ ವೆಬ್‌ಸೈಟನ್ನೂ ಇಣುಕಿ ನೋಡಲಿಲ್ಲವಂತೆ. ಹಳೆಯ ಪ್ರತಿಯಿಂದ ಆ ಟಿಪ್ಪಣಿಯನ್ನು ಹುಡುಕಿ ತೆಗೆದು, ಒಂದಕ್ಷರ ಬದಲಿಸದೆ ಇದ್ದ ಜಾಗಕ್ಕೇ ಮರಳಿ ಇಟ್ಟರು. ಕೆಳಗೆ ತಮ್ಮದೊಂದು ಸಾಲು ಸೇರಿಸಿದರು: "ಇದು ನನ್ನದಲ್ಲ, ಮೇಲೆ ಬರೆದವರದು. ಈ ಟಿಪ್ಪಣಿ ಅಳಿಸಿದವಳು ನಾನು." ಮಿಕ್ಕ ಹತ್ತು ವೆಬ್‌ಸೈಟುಗಳಲ್ಲೂ ಹಾಗೆಯೇ ಬರೆದರು. ಸಂಜೆಯಾಯಿತು. ಜನರಿಗೆ ಕಾಣುವ ಪುಟದಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ. ಗಿರಾಕಿಗಳಿಗೆ ಗೊತ್ತಿಲ್ಲ. ಡ್ರೈವಿಂಗ್ ಶಾಲೆಯ ಮಾಲೀಕರಿಗೆ ಮಾತ್ರ ಈಕೆ ತಾವೇ ಹೋಗಿ ಹೇಳಿದರು. ಅವರು, "ನಿಮ್ಮ ವಿನಯಕ್ಕೂ ಕೈ ಮುಗೀಬೇಕು ಮೇಡಂ," ಎಂದುಬಿಟ್ಟರಂತೆ.

ಒಂದು ಫೋನ್ ಮಾಡಿ ಆ ಟಿಪ್ಪಣಿ ಬರೆದವರಿಗೇ ಹೇಳಬಹುದಲ್ಲ?

"ಅಷ್ಟು ದೊಡ್ಡವಳಾಗಿಲ್ಲ ನಾನಿನ್ನೂ," ಎನ್ನುತ್ತಾರೆ ಈಕೆ. "ನೀವು ಪೇಪರ್‌ನಲ್ಲಿ ಹಾಕಿದ್ರೆ ಹಾಕಿ, ಅವರು ಓದಿದ್ರೆ ಓದ್ಲಿ. ಆದ್ರೆ ಪೇಪರ್‌ನಲ್ಲಿ ಓದೋದು ಬೇರೆ, ಫೈಲ್ ತೆರೆದಾಗ ಎದುರಿಗೆ ಸಿಗೋದು ಬೇರೆ. ನನಗೆ ಸಿಕ್ಕಿತಲ್ಲ, ಹಾಗೆ."

ಗಂಡ ತಟ್ಟೆಗಳನ್ನು ಹಿಡಿದು ನಿಂತಿದ್ದಾರೆ. ಈಕೆ ನಿಘಂಟನ್ನು ಬದಿಗಿಟ್ಟು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಆಸೆ ಏನಾದರೂ ಉಂಟೇ? ಬಾಗಿಲಿರುವ ಕೋಣೆ ಎನ್ನಬಹುದೆಂದುಕೊಂಡರೆ ಅದಲ್ಲ.

"ಆ ಡ್ರೈವಿಂಗ್ ಶಾಲೆ ಇವತ್ತಲ್ಲ ನಾಳೆ ನನ್ನ ಕೈ ಬಿಟ್ಟುಹೋಗುತ್ತೆ. ಎಲ್ಲ ಹೋಗುತ್ತೆ, ಅದೂ ಹೋಗುತ್ತೆ. ಹೋಗೋದಾದ್ರೆ ಅವರ ಕೈಗೇ ಹೋಗ್ಲಿ," ಎನ್ನುತ್ತಾರೆ. ತಟ್ಟೆಗೆ ಜಾಗ ಮಾಡಿಕೊಡುತ್ತ, ತುಸು ತಡೆದು, ದನಿ ಏರಿಸುತ್ತಾರೆ. "ಅದೊಂದೇ ಮತ್ತೆ! ಕಣ್ಣಾಸ್ಪತ್ರೆ ಅವರಿಗೂ ಕೊಡಲ್ಲ."